ಎರಡನೇ ಸಲ ಕೊಟ್ಟ ಇನಿಟ್ ಕಮಾಂಡ್

ಕೊರೋನಾ ಕಳೆದ ಮರುವರ್ಷ ನಾನು ಹೊನ್ನಾಳಿಯ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಟೆಸ್ಟರ್ ಆಗಿದ್ದೆ. ನಗಬೇಡಿ ಮಕ್ಕಳೇ. ನಿಮ್ಮ ತಾತ ತೀರಿಕೊಂಡ ಮೇಲೆ ಸಿಕ್ಕ ಕೆಲಸ ಅದು. ಇಂಜಿನಿಯರ್ ಶೈಲಾ ಬರೆದ ಸೂಚನೆಗಳನ್ನು ಓದಿ, ಅದರಂತೆಯೇ ಮಾಡಿ, ಎಲ್ಲಿ ಕೆಟ್ಟಿತು ಎಂದು ಹೇಳಬೇಕಿತ್ತು. ಹಳ್ಳಿ ಶಾಲೆಯಲ್ಲಿ ಕಲಿತ ನನಗೆ ತಿಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂದು ಅವಳ ನಂಬಿಕೆ.

ಚನ್ನಗಿರಿ, ನ್ಯಾಮತಿ, ಜಗಳೂರಿನ ಮಹಿಳಾ ಸಂಘಗಳಲ್ಲಿ ಯಾರ ಮನೆಯಲ್ಲಿ ಯಾವ ನಾಟಿ ಬೀಜವಿದೆ ಎಂಬ ಪಟ್ಟಿ ಇಡುವ ಸಾಫ್ಟ್‌ವೇರ್ ನಮ್ಮದು. ಅದು ಕಂಟೇನರಿನಲ್ಲಿ ಹೋಗುತ್ತಿತ್ತು. ಕಂಟೇನರ್ ಎಂದರೆ ಸಾಫ್ಟ್‌ವೇರಿಗೆ ಬೇಕಾದದ್ದನ್ನೆಲ್ಲ ಒಟ್ಟಿಗೆ ಕಟ್ಟಿದ ಬುತ್ತಿ. ಯಾವ ಕಂಪ್ಯೂಟರಿನಲ್ಲಿ ಬಿಚ್ಚಿದರೂ ಒಂದೇ ರುಚಿ. ಅದನ್ನು ನಡೆಸಲು, ನಿಲ್ಲಿಸಲು ಶೈಲಾ ಒಂದು ಟೂಲ್ ಮಾಡಿದ್ದಳು. ಊರಿನ ಹೆಸರು, ಪಟ್ಟಿ ಇರುವ ಜಾಗ ಇವನ್ನೆಲ್ಲ ಹೇಳುವ ಸೆಟ್ಟಿಂಗ್ಸ್ ಫೈಲನ್ನು ಮಾತ್ರ ಅವಳೇ ಊರೂರಿಗೆ ಹೋಗಿ ಬರೆಯಬೇಕಿತ್ತು. ಆ ಫೈಲನ್ನು ತಾನಾಗಿಯೇ ಸಿದ್ಧಮಾಡುವ ‘ಇನಿಟ್’ ಎಂಬ ಹೊಸ ಕಮಾಂಡನ್ನು ಟೂಲಿಗೆ ಸೇರಿಸಿದಳು. ಅಂದು ಸಂಜೆಯೊಳಗೆ ಅದನ್ನು ಮೂರೂ ಊರಿಗೆ ಕಳಿಸಬೇಕಿತ್ತು.

ಅದನ್ನು ಪರೀಕ್ಷಿಸುತ್ತ ಐದನೇ ಸೂಚನೆಯಲ್ಲಿದ್ದಾಗ ನನ್ನ ತಂಗಿಯ ಫೋನ್ ಬಂತು. ಫೋನ್ ಇಟ್ಟಾಗ ಎಲ್ಲಿದ್ದೆನೆಂದು ಮರೆತಿತ್ತು. ಮೊದಲಿನಿಂದ ಶುರುಮಾಡಿದೆ. ಇನಿಟ್ ಎರಡನೇ ಸಲ ಓಡಿತು. ತೆರೆದು ನೋಡಿದರೆ ನಾನು ಆಗಲೇ ತುಂಬಿದ್ದ ಬೀಜದ ಪಟ್ಟಿ ಖಾಲಿ; ಇನಿಟ್ ಹಳೇ ಸೆಟ್ಟಿಂಗ್ಸ್ ಫೈಲಿನ ಮೇಲೆ ಹೊಸದನ್ನು ಬರೆದು, ಪಟ್ಟಿ ಇದ್ದ ಜಾಗವನ್ನೇ ಮರೆತಿತ್ತು.

ಎದ್ದು ನೀರು ಕುಡಿದೆ, ಕುಳಿತೆ, ಮತ್ತೆ ಎದ್ದೆ.

“ಎಲ್ಲಾ ಸರಿ ಐತಲ್ಲ ಗಂಗಕ್ಕ? ಕಳಿಸಿಬಿಡ್ಲಾ?” ಎಂದಳು ಶೈಲಾ.

ನಾನೇ ಕೆಡಿಸಿದೆನೆಂದು ಗೊತ್ತಾದರೆ ಕೆಲಸ ಹೋದೀತೆಂಬ ಭಯಕ್ಕೆ ತಲೆಯಾಡಿಸಿಬಿಟ್ಟೆ. ಅವಳು ಕಳಿಸಲು ಅಣಿಮಾಡತೊಡಗಿದಳು, ನನಗೆ ಕೂರಲಾಗಲಿಲ್ಲ. ನ್ಯಾಮತಿಯ ಹೆಂಗಸರು ಮನೆಮನೆ ತಿರುಗಿ ಬರೆಸಿದ ಪಟ್ಟಿಯೂ ಹೀಗೇ ಕಾಣೆಯಾದರೆ? ಅವಳ ಮೇಜಿನವರೆಗೆ ಎರಡು ಸಲ ಹೋಗಿ ಹಿಂದಿರುಗಿದೆ. ಮೂರನೇ ಸಲ ಬಾಯಿಬಿಟ್ಟೆ.

“ಅಯ್ಯೋ, ಎರಡನೇ ಸಲ ಯಾಕ್ ಕೊಡಾಕೆ ಹೋದ್ರಿ? ಯಾರಾದ್ರೂ ಹಂಗೆ ಮಾಡ್ತಾರಾ?”

“ಕಾಳು ಅಳೆಯುವಾಗ ಯಾರಾದ್ರೂ ಮಾತಾಡ್ಸಿದ್ರೆ ಮತ್ತೆ ಲಾಭದಿಂದ್ಲೇ ಅಳೀತೀವಲ್ಲವ್ವ, ಹಂಗೆ ಮಾಡ್ದೆ.”

ನಮ್ಮಲ್ಲಿ ಮೊದಲನೇ ಸೇರನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಶೈಲಾ ನಕ್ಕಳು. ನಗು ಅರ್ಧಕ್ಕೇ ನಿಂತಿತು.

“ಸಂಘದೋರೂ ಹಿಂಗೇ ಅಳೀತಾರಾ?”

“ಎಲ್ರೂ.”

ಅವಳು ಕಳಿಸಲಿಲ್ಲ. ಫೈಲು ಮೊದಲೇ ಇದ್ದರೆ ಇನಿಟ್ ಅದನ್ನು ಮುಟ್ಟದ ಹಾಗೆ ತಿದ್ದಿ, ಮರುದಿನ ಕಳಿಸಿದಳು.

ವಾರದೊಳಗೆ ನ್ಯಾಮತಿ ಸಂಘದ ಸಿದ್ದಮ್ಮನ ಫೋನ್ ಬಂತು. “ಏನ್ರೀ ಇದು! ಕರೆಂಟ್ ಹೋಯ್ತು ಅಂತ ಮೊದ್ಲಿಂದ ಮಾಡಿದ್ರೆ ‘ಆಗ್ಲೇ ಐತೆ, ಮುಟ್ಟಲ್ಲ’ ಅಂತೈತಲ್ಲ?”

“ಪಟ್ಟಿ ಐತೇನ್ರೀ?” ಎಂದೆ.

“ಐತೆ, ಎಲ್ಲಾ ಐತೆ.”

ತಪ್ಪು ಮಾಡಿದ್ದಕ್ಕೆ ನನ್ನ ಕೆಲಸ ಹೋಗಲಿಲ್ಲ ಮಕ್ಕಳೇ. ಆದ ತಪ್ಪನ್ನು ಹೇಳುವುದೇ ಅಲ್ಲಿ ನನ್ನ ಕೆಲಸವಾಗಿತ್ತು. ಅಂದು ತಲೆಯಾಡಿಸಿದ್ದು ಮಾತ್ರ ಇವತ್ತಿಗೂ ಚುಚ್ಚುತ್ತದೆ.