ಕೆರೆಯಾಚೆಯ ಮಜ್ಜಿಗೆ

ಅಂಗಡಿ ಅಜ್ಜನ ಬಲಗೈ ಹೆಬ್ಬೆರಳಿನ ಉಗುರು ಅರಿಸಿನದಷ್ಟು ಹಳದಿಯಾಗಿತ್ತು, ಕೊಡಲಿಯ ಬಾಯಿಯಂತೆ ಅಗಲವಾಗಿತ್ತು. ಇಂಗಿನ ಗಟ್ಟಿಯನ್ನು ಚಾಕುವಿನಿಂದ ಕತ್ತರಿಸುವ ಗೋಜಿಗೆ ಹೋಗದೆ ಆ ಉಗುರಿನಿಂದಲೇ ಚಿವುಟಿ ತಕ್ಕಡಿಗೆ ಹಾಕುತ್ತಿದ್ದರು. ನ್ಯಾಮತಿಯ ಪೇಟೆಯಲ್ಲಿ ಈಗಲೂ ಯಾರನ್ನು ಕೇಳಿದರೂ ಒಂದೇ ಮಾತು: "ಅಜ್ಜನ ಕೈಗುಣ ರೀ ಅದು. ಆ ಬೆರಳು ಮುಟ್ಟಿದ್ದು ಹೊಟ್ಟೆಗೆ ಬಿದ್ರೆ ಸಾಕಿತ್ತು."

ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಐದು ವರ್ಷ ಮಾತಾಡಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ, ನಿಜ. ಎಲ್ಲರೂ ತಲೆಯಾಡಿಸುವ ಮಾತು ಕಿವಿಗೆ ಬಿದ್ದೊಡನೆ ವಿರೋಧದ ಸಾಲಿಗೆ ಹೋಗಿ ಕೂತುಬಿಡುತ್ತೇವೆ. ಆದರೆ ಇಲ್ಲಿ ನನ್ನ ಬಳಿ ಸಾಕ್ಷ್ಯವಿದೆ. ಗುಣವೆಲ್ಲ ಬೆರಳಿನಲ್ಲೇ ಇದ್ದಿದ್ದರೆ ಬಂದವರಿಗೆಲ್ಲ ಒಂದೇ ಪುಡಿ ಚಿವುಟಿ ಕೊಟ್ಟು ಕಳಿಸಬಹುದಿತ್ತಲ್ಲ? ಅವರು ಹಾಗೆ ಮಾಡಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಅವರದು ಗ್ರಂಥಿಗೆ ಅಂಗಡಿ. ಬೇರು, ತೊಗಟೆ, ಒಣಕಾಯಿ, ಪೂಜೆ ಸಾಮಾನು ಎಲ್ಲ ಸಿಗುವ ಜಾಗ. ಅದಕ್ಕೂ ನಮ್ಮಪ್ಪನ ಟೈಲರ್ ಅಂಗಡಿಗೂ ನಡುವೆ ಒಂದೇ ಗೋಡೆ. ಶಾಲೆ ಬಿಟ್ಟ ಮೇಲಿನ ನನ್ನ ಬಾಲ್ಯವೆಲ್ಲ ಆ ಎರಡು ಅಂಗಡಿಗಳ ಕಟ್ಟೆಯ ಮೇಲೆ ಕಳೆಯಿತು. ಹುಳಿತೇಗು, ಉಬ್ಬರ, ಹೊಟ್ಟೆನೋವು ಎಂದು ಹೊನ್ನಾಳಿ, ಗೋವಿನಕೋವಿ ಕಡೆಯಿಂದೆಲ್ಲ ಜನ ಬರುತ್ತಿದ್ದರು. ಅಂಗಡಿ ಅಜ್ಜ ಡಬ್ಬಿಗೆ ಕೈ ಹಾಕುವ ಮೊದಲು ಪಾಟೀಸವಾಲು ನಡೆಯುತ್ತಿತ್ತು.

"ನಿನ್ನೆ ರಾತ್ರಿ ಏನು ಉಂಡ್ರಿ?"

"ಏನಿಲ್ಲ ಅಜ್ಜ, ಸ್ವಲ್ಪ ಅನ್ನ."

"ಅನ್ನದ ಸಂಗಡ?"

"ಮಿರ್ಚಿ."

"ಎಷ್ಟು?"

"ನಾಕು... ಆರು ಇರಬೌದು."

"ಉಂಡ ಮ್ಯಾಲೆ ಎಷ್ಟು ಹೆಜ್ಜೆ ನಡೆದ್ರಿ?"

"ಮಂಚದ ತನಕ ನಡೆದೆ."

"ಹಂಗಾರೆ ನಿಮಗೆ ಔಷಧಿ ಯಾಕ್ರೀ? ಮಂಚ ಒಯ್ದು ಊರಾಚೆ ಹಾಕ್ಕಳ್ರಿ."

ಒಮ್ಮೆ ಜಗಳೂರು ಕಡೆಯ ಬಿಳಿಚೋಡಿನ ಕುರಿಗಾಹಿಯೊಬ್ಬ ಮಂದೆ ಹೊಡೆದುಕೊಂಡು ನಮ್ಮೂರ ಹೊಲಗಳಿಗೆ ಬಂದಿದ್ದ. ಎದೆಯುರಿ ಎಂದ. ಅವನಿಗೆ ನಡೆಯಲು ಹೇಳಲೇ ಇಲ್ಲ. "ನೀನು ನಡೆದದ್ದು ಈ ಜನ್ಮಕ್ಕೆ ಸಾಕು. ಉಣ್ಣಾಗ ಮಾತ್ರ ಕುಂತು ಉಣ್ಣು. ಕುರಿ ಓಡಿದ್ರೆ ಓಡ್ಲಿ, ಅವು ಎಲ್ಲಿಗೆ ಹೋಗ್ತಾವೆ? ಬರೀ ಹೊಟ್ಟೆಗೆ ಚಹ ಬ್ಯಾಡ, ನವಣೆ ಗಂಜಿ ಕುಡಿ" ಎಂದು ಚೂರು ಶುಂಠಿ ಕೊಟ್ಟು ಕಳಿಸಿದರು. ಇನ್ನೊಬ್ಬರು ಕಾರಣವಿಲ್ಲದೆ ತೂಕ ಇಳಿಯುತ್ತಿದೆ, ಮಲ ಕಪ್ಪಗೆ ಹೋಗುತ್ತಿದೆ ಎಂದಾಗ ತಕ್ಕಡಿಯನ್ನೇ ಮುಟ್ಟಲಿಲ್ಲ. "ಇಲ್ಲಿ ನಿಂತು ಹೊತ್ತು ಕಳೀಬ್ಯಾಡ್ರಿ, ಸೀದಾ ದೊಡ್ಡಾಸ್ಪತ್ರೆಗೆ ಹೋಗ್ರಿ" ಎಂದು ತಾವೇ ಆಟೋ ಕರೆದರು. ಕೈಗುಣ ನಂಬಿದವರು ಹೀಗೆ ಮಾಡುತ್ತಾರೆಯೇ?

ಇನ್ನು ನನ್ನ ಮುಖ್ಯ ಸಾಕ್ಷ್ಯ: ನಮ್ಮಪ್ಪನ ಹೊಟ್ಟೆ.

ಹೊಲಿಗೆ ಯಂತ್ರಕ್ಕೆ ಮೋಟಾರು ಕೂರಿಸಿದ ವರ್ಷದಿಂದ ಅದು ಬೆಳೆಯತೊಡಗಿತ್ತು. ಅಲ್ಲಿಯವರೆಗೆ ದಿನವಿಡೀ ತುಳಿಯುತ್ತಿದ್ದ ಕಾಲುಗಳಿಗೆ ಕೆಲಸ ತಪ್ಪಿತು, ಕೈಗೆ ಬೋಂಡಾ ಬಂತು. ಮೂರು ವರ್ಷದ ಹಿಂದೆ, ಯುಗಾದಿಯ ಹೊತ್ತಿಗೆ, ಪ್ಯಾಂಟಿನ ಅಳತೆಗೆ ಬಗ್ಗಿದರೆ ಗಂಟಲಿಗೆ ಹುಳಿ ಬರುವ ಸ್ಥಿತಿ. ಯಂತ್ರದ ಮುಂದೆ ಒಂದು ಗಂಟೆ ಕೂರಲಾಗದು. ಜೂನ್‌ಗೆ ಎರಡು ಶಾಲೆಯ ಯೂನಿಫಾರಂ ಒಪ್ಪಿಕೊಂಡಿದ್ದರು. ಆ ಕೆಲಸ ತಪ್ಪಿದರೆ ಶಾಲೆಯವರು ರೆಡಿಮೇಡ್‌ನತ್ತ ತಿರುಗುತ್ತಾರೆ, ಮತ್ತೆ ಮರಳುವುದಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, "ಒಳಗೆ ಏನೂ ತೊಂದರೆ ಇಲ್ಲ, ಕರಿದದ್ದು ಬಿಡಿ, ದಿನಾ ನಡೀರಿ" ಎಂದರು. ಅಪ್ಪ ತಲೆಯಾಡಿಸಿ ಗ್ಯಾಸಿನ ಮಾತ್ರೆ ತಂದುಕೊಂಡರು.

ಆಗ ಅಂಗಡಿ ಅಜ್ಜ ಶುಂಠಿ, ಜೀರಿಗೆ, ಓಮ, ಇಂಗು ಸೇರಿಸಿದ ಪುಡಿಯ ಪೊಟ್ಟಣ ತಂದರು. "ಟೈಲರ್, ಇದನ್ನ ಮನೆ ಮಜ್ಜಿಗೆಯಾಗೆ ಕುಡಿಯಂಗಿಲ್ಲ. ಕೆರೆಯಾಚೆ ನಮ್ಮಕ್ಕನ ಮನೆ ಐತಲ್ಲ, ಅಲ್ಲಿ ನಾಟಿ ಹಸುವಿನ ಮಜ್ಜಿಗೆ. ಹೊತ್ತು ಏರಾಕೆ ಮುಂಚೆ ನಡ್ಕೊಂಡು ಹೋಗಿ, ಅಲ್ಲೇ ಕುಡಿದು, ನಡ್ಕೊಂಡೇ ಬರಬೇಕು. ಗಾಡಿ ಹತ್ತಿದ್ರೆ ಪುಡಿ ಕೆಲಸ ಮಾಡಲ್ಲ."

"ಗಾಡಿಗೂ ಪುಡಿಗೂ ಏನಜ್ಜ ಸಂಬಂಧ?" ಎಂದೆ.

"ಗಾಡಿಯಾಗೆ ಹೊಟ್ಟೆಯಾಗಿನ ಮಜ್ಜಿಗೆ ಕುಲುಕ್ತೈತೆ, ಲಾಯರಮ್ಮ."

"ಮಜ್ಜಿಗೆ ಆಗೋದೇ ಕುಲುಕಿ ಅಲ್ವಾ?"

"ಅದು ಬ್ಯಾರೆ ಕುಲುಕು. ನಿನಗೆ ತಿಳಿಯಲ್ಲ ಸುಮ್ಕಿರು."

ಅಪ್ಪ ನಡೆದರು. ಕೆರೆ ಏರಿ ದಾಟಿ, ಹೊಲದ ಬದು ಹಿಡಿದು ಹೋಗಿಬರಲು ಒಂದೂವರೆ ಗಂಟೆ. ರಾತ್ರಿ ಗಂಜಿ, ಸಂಜೆ ಬೋಂಡಾ ಬಂದ್. ಐದು ವಾರಕ್ಕೆ ಬೆಲ್ಟು ಎರಡು ತೂತು ಹಿಂದೆ ಸರಿಯಿತು. ಒಂದು ಮಧ್ಯಾಹ್ನ ಅವರು ಸರಾಗವಾಗಿ ಬಗ್ಗಿ ಗಿರಾಕಿಯ ಪಾದದವರೆಗೆ ಟೇಪು ಹಿಡಿದದ್ದನ್ನು ನೋಡಿ ನನಗೂ ಖುಷಿಯಾಯಿತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ಆ ನಾಟಿ ಹಸು ತಲೆಯಲ್ಲಿ ಕೊರೆಯುತ್ತಿತ್ತು. ಒಂದು ದಿನ ಸ್ಕೂಟರ್ ಹತ್ತಿ ಕೆರೆಯಾಚೆ ಹೋದೆ.

ಕೊಟ್ಟಿಗೆಯಲ್ಲಿ ಸೌದೆ ಪೇರಿಸಿತ್ತು. ಹಿತ್ತಿಲಲ್ಲಿ ಬದನೆ ಸಸಿಗಳ ಸಾಲು. ಒಂದೊಂದು ಸಸಿಯೂ ಡೈರಿ ಹಾಲಿನ ಪ್ಯಾಕೆಟ್ಟಿನೊಳಗೆ ಬೇರು ಬಿಟ್ಟಿತ್ತು. ಅಜ್ಜನ ಅಕ್ಕ ಏನನ್ನೂ ಮುಚ್ಚಿಡಲಿಲ್ಲ. "ಹಸು ಸತ್ತು ಯಾವ ಕಾಲ ಆತವ್ವ! ಪ್ಯಾಕೆಟ್ ಹಾಲೇ ಹೆಪ್ಪಾಕ್ತೀನಿ. ಕುಡೀತೀಯೇನು ಒಂದ್ ಲೋಟ?"

ನಾನು ಕುಡಿಯಲಿಲ್ಲ. ಸೀದಾ ಅಪ್ಪನ ಅಂಗಡಿಗೆ ಬಂದು, ಮೂವರು ಗಿರಾಕಿಗಳ ಎದುರಿಗೇ ಮಂಡಿಸಿದೆ: ಹಸು ಇಲ್ಲ, ಹಾಲು ನಮ್ಮ ಪೇಟೆಯದೇ, ಆದ್ದರಿಂದ ಈ ಚಿಕಿತ್ಸೆಯ ಆಧಾರವೇ ಸುಳ್ಳು. ಅಪ್ಪ ಕತ್ತರಿ ಹಿಡಿದುಕೊಂಡೇ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಹೌದಾ? ಹಂಗಾರೆ ನಾಳೆಯಿಂದ ಹೋಗಾದು ಬ್ಯಾಡ ಬಿಡು" ಎಂದರು. ಗಿರಾಕಿಗಳು ನಕ್ಕರು. "ಮಗಳು ಸಿಐಡಿ ಅದಾಳೆ ಕಣ್ರೀ!" ನನಗೆ ಮೊದಲ ಬಹುಮಾನ ಬಂದಷ್ಟು ಸಂತೋಷ.

ಎರಡೇ ವಾರದಲ್ಲಿ ಹುಳಿತೇಗು ಮರಳಿತು. ಯೂನಿಫಾರಂ ಬಟ್ಟೆಯ ಗಂಟುಗಳು ಬಿಚ್ಚದೆ ಕೂತವು. ಮಜ್ಜಿಗೆ ಬಿಡಿ, ನಡಿಗೆ ಬಿಡಬೇಡಿ ಎಂದು ನಾಲ್ಕು ಅಂಶಗಳಲ್ಲಿ ವಾದಿಸಿದೆ. "ನೀನು ಹೇಳಾದೆಲ್ಲ ಸರಿ ಐತೆ ಮಗಳೇ" ಎಂದು ಅಪ್ಪ ಮೋಟಾರು ಚಾಲೂ ಮಾಡಿದರು. ಎದುರಾಳಿ ಎಲ್ಲವನ್ನೂ ಒಪ್ಪಿಕೊಂಡು ಕೂತಲ್ಲೇ ಕೂತರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಸಿಟ್ಟು ತೀರಿಸಿಕೊಳ್ಳಲು ಪಕ್ಕದ ಅಂಗಡಿಗೆ ಹೋದೆ. "ಅಜ್ಜ, ನೀವು ಸುಳ್ಳು ಹೇಳಿದ್ರಿ."

ಅವರು ಡ್ರಾಯರಿನಿಂದ ತಮ್ಮ ತಾತನ ಕೈಬರಹದ ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. ಅಗ್ನಿಮಾಂದ್ಯಕ್ಕೆ, ಅಂದರೆ ಅಜೀರ್ಣಕ್ಕೆ, ಪುಡಿ ಒಂದೂವರೆ ಸಾಲು. ಪಥ್ಯ ಐದಾರು ಸಾಲು. ಉಳಿದ ಪುಟವೆಲ್ಲ ಯಾವ ದಾರಿಯಲ್ಲಿ, ಯಾವ ಹಟ್ಟಿಯವರೆಗೆ ನಡೆಯಬೇಕೆಂಬುದೇ.

"ನಮ್ಮ ತಾತನ ಕಾಲದಾಗೆ ಹಟ್ಟಿ ತುಂಬ ಹಸು ಇದ್ವು. ಈಗ ಹಸು ಇಲ್ಲ. ದಾರಿ ಐತಲ್ಲ."

"ಅದನ್ನೇ ಹೇಳಬೌದಿತ್ತು."

"ಡಾಕ್ಟ್ರು ಹೇಳಿದ್ರು. ನೀನೂ ಹೇಳಿದ್ದಿ. ನಡೆದ್ರಾ?"

ಅವರು ಪುಸ್ತಕ ಮುಚ್ಚಿದರು. "ಆದ್ರೂ ನಿನ್ನ ಮಾತು ಖರೇ. ಸುಳ್ಳು ಸುಳ್ಳೇ. ಇನ್ನು ಹೇಳಲ್ಲ ಬಿಡು."

ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಅಜ್ಜನ ಕೋಲಿನ ಸದ್ದಾಯಿತು. "ಟೈಲರ್, ನನ್ನ ಮೊಣಕಾಲಿಗೂ ನಡೀರಿ ಅಂದವ್ರೆ ಡಾಕ್ಟ್ರು. ಒಬ್ನೇ ಹೋದ್ರೆ ಕೆರೆ ಏರಿ ಮ್ಯಾಲೆ ಕುಂತು ಬಿಡ್ತೀನಿ. ಜತೆಗೆ ಬರ್ತೀರೇನ್ರೀ?" ಎಪ್ಪತ್ತು ದಾಟಿದ ಮನುಷ್ಯ ಬಾಗಿಲಲ್ಲಿ ನಿಂತು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಅಪ್ಪ ಲುಂಗಿಯಲ್ಲೇ ಚಪ್ಪಲಿ ಮೆಟ್ಟಿದರು.

ಆಮೇಲೆ ದಿನವೂ ಅದೇ. ಕಾಲರು ಅಗಲ ಇರಬೇಕೋ ಸಣ್ಣ ಇರಬೇಕೋ ಎಂದು ಜಗಳವಾಡುತ್ತ ಇಬ್ಬರೂ ಬೀದಿ ತಿರುವಿನಲ್ಲಿ ಮರೆಯಾಗುತ್ತಿದ್ದರು. ಸಂಜೆ ಅಜ್ಜನ ಮೊಣಕಾಲು ಊದಿಕೊಳ್ಳುತ್ತಿತ್ತು. ಊರಿಗೆಲ್ಲ ಬೇರು ಮಾರುವವರು ತಮ್ಮ ಕಾಲಿಗೆ ಮಾತ್ರ ಮೆಡಿಕಲ್ ಶಾಪಿನ ಟ್ಯೂಬು ಹಚ್ಚಿಕೊಂಡು, "ನೋಡ್ಬ್ಯಾಡ ಲಾಯರಮ್ಮ, ಅತ್ಲಾಗೆ ತಿರುಗು" ಎನ್ನುತ್ತಿದ್ದರು. ಜೂನ್ ಬಂತು. ಎರಡೂ ಶಾಲೆಯ ಮಕ್ಕಳು ಅಪ್ಪ ಹೊಲಿದ ಅಂಗಿಯಲ್ಲೇ ಪ್ರಾರ್ಥನೆಗೆ ನಿಂತರು.

ಕಳೆದ ವರ್ಷ ನಾಲ್ಕು ದಿನದ ಜ್ವರದಲ್ಲಿ ಅಂಗಡಿ ಅಜ್ಜ ಹೋದರು. ನಾನು ಗೆದ್ದ ವಾದದ ಭಾರವನ್ನು ಅವರು ಊದಿದ ಕಾಲಿನ ಮೇಲೆ ಹೊತ್ತರು, ಒಮ್ಮೆಯೂ ಆಡಿ ತೋರಿಸಲಿಲ್ಲ. ವಾದ ಮುಗಿದ ಮೇಲೆ ಯಾರಾದರೂ ಎದ್ದು ಜೊತೆಗೆ ನಡೆಯಬೇಕಾಗುತ್ತದೆ ಎಂದು ನನಗೆ ಯಾವ ತೀರ್ಪುಗಾರರೂ ಹೇಳಿರಲಿಲ್ಲ.

ಅವರ ಅಕ್ಕನನ್ನು ಮಾತಾಡಿಸಲು ಹೋದಾಗ ಈ ಸಲ ಮಜ್ಜಿಗೆ ಕುಡಿದೆ. ಚೆನ್ನಾಗಿತ್ತು. ಅಂದು ಕೇಳದೆ ಬಿಟ್ಟಿದ್ದನ್ನು ಸುಮ್ಮನೆ ಮಾತಿಗೆಂದು ಕೇಳಿದೆ: ಇಷ್ಟು ದೂರಕ್ಕೆ ಪ್ಯಾಕೆಟ್ ಹಾಲು ಯಾರು ತಂದುಕೊಡುತ್ತಿದ್ದರು?

"ನಿಮ್ಮಪ್ಪ ಬರಾಕೆ ಹತ್ತಿದ ಮ್ಯಾಲೆ ಅವನೇ ತರ್ತಿದ್ನಲ್ಲವ್ವ. ಮೊದಲನೇ ವಾರಾನೇ ಹೇಳ್ದೆ, ಹೆಂಗೂ ಪೇಟೆಯಿಂದ ಬರ್ತೀಯ, ನಾಳಿಕೆ ಹೆಪ್ಪಾಕಾಕೆ ಒಂದು ಪ್ಯಾಕೆಟ್ ತಗಂಡು ಬಾರಪ್ಪ ಅಂತ."

ಅಂಗಡಿಗೆ ವಾಪಸು ಬಂದೆ. ಅಪ್ಪ ಒಂದು ಪ್ಯಾಂಟಿನ ಅಂಚು ಮಡಿಸುತ್ತಿದ್ದರು. ಗಿರಾಕಿಗಳು ಯಾರೂ ಇರಲಿಲ್ಲ. ಮೋಟಾರಿನ ಸ್ವಿಚ್ ನಾನೇ ಆರಿಸಿದೆ.

"ಅಪ್ಪಾಜಿ, ಹಾಲು ನೀವೇ ಒಯ್ತಿದ್ರಂತಲ್ಲ. ಎಲ್ಲಾ ಗೊತ್ತಿದ್ದೂ, ಅವತ್ತು ನಾನು ಹೇಳಿದ ಕೂಡ್ಲೆ ಯಾಕೆ ನಡೆಯಾದು ನಿಲ್ಲಿಸಿದ್ರಿ?"

"ಮೂರು ಜನದ ಮುಂದೆ ಗೆದ್ದು ನಿಂತಿದ್ದಿ ಮಗಳೇ, ನನಗೆ ಮೊದ್ಲೇ ಗೊತ್ತಿತ್ತು ಅಂತ ಹೇಳಿ ನಿನ್ನ ಸೋಲಿಸಾಕೆ ಮನಸ್ಸು ಬರ್ಲಿಲ್ಲ" ಎಂದು ಅಪ್ಪ ಸ್ವಿಚ್ ಮತ್ತೆ ಒತ್ತಿದರು.