ರದ್ದಿ ಪೇಪರಿನಲ್ಲಿ ಹೆರಿಗೆ ಖೋಲಿ ಕಂಡವರು

ನಿನ್ನೆ ಮುಂಜಾನೆ, ಇನ್ನೂ ದನ ಬಿಡುವ ಹೊತ್ತಾಗಿರಲಿಲ್ಲ, ನಮ್ಮ ಮಗಳು ಕಸ್ತೂರಿ ಹೆಣ್ಣುಮಗುವನ್ನು ಹಡೆದಳು. ತಾಯಿ ಆರಾಮ, ಮಗು ಆರಾಮ. ಮಗುವಿನ ಅಳು ಅಂಗಡಿಯ ತನಕ ಕೇಳಿಸಿತು ಎಂದು ನಮ್ಮ ಮನೆಯವರು ಎಲ್ಲರ ಮುಂದೆ ಹೇಳುತ್ತಿದ್ದಾರೆ. ಅಂಗಡಿ ಅಷ್ಟು ಹತ್ತಿರ ಇಲ್ಲ. ಆದರೆ ನಾನು ಅಲ್ಲ ಎನ್ನಲು ಹೋಗಲಿಲ್ಲ. ಊರಿಗೆಲ್ಲ ಸಕ್ಕರೆ ಹಂಚಿ ಬಂದೆ. ಕೆಲವು ಮನೆಗಳಿಗೆ ಎರಡು ಸಲ ಹೋಗಿದ್ದೆನಂತೆ. "ಅಜ್ಜಿಗೆ ಲೆಕ್ಕ ತಪ್ಪೇತಿ" ಎಂದು ಹೆಂಗಸರು ನಕ್ಕರು. ನಗಲಿ. ನಾನು ಅಜ್ಜಿಯಾದದ್ದು ಇದೇ ಮೊದಲು.

ಮಗು ಹುಟ್ಟಿದ್ದು ನಮ್ಮೂರಿನ ಹೆರಿಗೆ ಖೋಲಿಯಲ್ಲಿ. ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯಿಂದ ಒಳಗಿರುವ ಇಷ್ಟು ಸಣ್ಣ ಊರಿಗೆ ಅಂಥದೊಂದು ಖೋಲಿ ಬಂದದ್ದು ತಿಮ್ಮಣ್ಣ ಗಾಂವ್ಕರರಿಂದ. ಅವರು ಈಗ ಇಲ್ಲ. ನಾನು ಕಲಿತದ್ದು ಮೂರನೇ ಇಯತ್ತೆ. ಕಲಿತಷ್ಟರಲ್ಲೇ ಅವರ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅವರನ್ನು ನಾನು ಮೊದಲು ಕಂಡದ್ದು ಒಂದು ಚುರುಮುರಿ ಪೊಟ್ಟಣದ ದೆಸೆಯಿಂದ. ನಮ್ಮದು ಕಿರಾಣಿ ಅಂಗಡಿ. ಪೊಟ್ಟಣ ಕಟ್ಟಲು ಹುಬ್ಬಳ್ಳಿಯಿಂದ ರದ್ದಿ ಪೇಪರಿನ ಕಟ್ಟು ಬರುತ್ತಿತ್ತು. ಒಂದು ದಿನ ನಾನು ಅಂಗಡಿಯಲ್ಲಿ ಕೂತಿದ್ದಾಗ ಬಸ್ಸಿನಿಂದ ಇಳಿದ ಉದ್ದನೆಯ ಬಡಕಲು ಮನುಷ್ಯರೊಬ್ಬರು ಬಂದು ಎರಡಾಣೆಯ ಚುರುಮುರಿ ಕೇಳಿದರು. ಕಟ್ಟಿಕೊಟ್ಟೆ. ಅವರು ಪೊಟ್ಟಣ ಬಿಚ್ಚಿ, ಚುರುಮುರಿಯನ್ನೆಲ್ಲ ತಕ್ಕಡಿಯ ತಟ್ಟೆಗೆ ಸುರಿದು, ಕಾಗದವನ್ನು ಮೊಣಕಾಲ ಮೇಲೆ ಹಾಸಿ ಅಂಗೈಯಿಂದ ತೀಡಿ ಓದತೊಡಗಿದರು.

"ಚುರುಮುರಿ ಬ್ಯಾಡೇನ್ರಿ?" ಎಂದೆ.

"ಅದು ನೀವೇ ತಿನ್ನಿ. ಇದ್ರ ಇನ್ನರ್ಧ ಎಲ್ಲಿ ಹೋತು?"

"ಇನ್ನರ್ಧದಾಗ ಆಗಲೇ ಬೆಲ್ಲ ಕಟ್ಟಿ ಕೊಟ್ಟೀನ್ರಿ."

"ಯಾರಿಗೆ ಕೊಟ್ರಿ? ಮನೆ ಯಾವುದು?"

ಹೇಳಿದೆ. ಹೋದರು. ಬೆಲ್ಲ ಅಂಟಿದ ತುಂಡು ಹಿಡಿದು ಇರುವೆ ಸಮೇತ ಮರಳಿ ಬಂದು, ಎರಡನ್ನೂ ಜೋಡಿಸಿ ಓದಿ, ಚೀಲದಿಂದ ಕತ್ತರಿ ತೆಗೆದು ಅಂಗೈಯಗಲ ಕತ್ತರಿಸಿಕೊಂಡರು. ಉಳಿದದ್ದನ್ನು ನನಗೇ ವಾಪಸು ಕೊಟ್ಟು, "ಇದ್ರಲ್ಲಿ ಎಂತದೂ ಇಲ್ಲ, ಬರೀ ರಾಜಕೀಯ. ಮೆಣಸಿನಕಾಯಿ ಕಟ್ಟಿ" ಎಂದರು.

ಅವರು ಯಲ್ಲಾಪುರದ ಚಂದಗುಳಿ ಕಡೆಯವರು. ಹರೆಯದಲ್ಲಿ ಮುಂಬಯಿಯಲ್ಲಿ ಕಾರಕೂನಿಕೆ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ಒಂದು ಟೈಪಿನ ಯಂತ್ರ ಹೊತ್ತುಕೊಂಡು ಬಂದು ಶಿರಸಿಯಲ್ಲಿ ಬಾಡಿಗೆ ಖೋಲಿ ಹಿಡಿದಿದ್ದರು. ಪೇಪರು ಸಿಕ್ಕರೆ ಮೊದಲ ಪುಟ ನೋಡುತ್ತಿರಲಿಲ್ಲ. ಹಿಂದಿನ ಪುಟಗಳ ಮೂಲೆಯಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ, ಸರಕಾರವೋ ಧರ್ಮದ ಟ್ರಸ್ಟೋ ಪರದೇಶದ ಸಂಸ್ಥೆಯೋ ಇಂಥ ಕೆಲಸಕ್ಕೆ ಇಷ್ಟು ನೆರವು ಕೊಡುತ್ತೇವೆ ಎಂದು ಹಾಕಿದ್ದನ್ನು ಹುಡುಕುವುದೇ ಅವರ ಕೆಲಸ. ಸಿಕ್ಕಿದ್ದನ್ನು ಕತ್ತರಿಸಿ, ಯಾವ ಊರಿಗೆ ಯಾವುದು ಹೊಂದುತ್ತದೆಂದು ನೋಡಿ, ಆ ಊರಿಗೆ ತಾವೇ ಹೋಗಿ ಅರ್ಜಿ ಬರೆದುಕೊಡುತ್ತಿದ್ದರು. ಅವರಿಂದ ಸಿದ್ದಾಪುರದ ಕಡೆ ಒಂದು ಶಾಲೆಗೆ ಬಾವಿ ಬಂತು. ಹೆಗಡೆಕಟ್ಟಾದ ಹೆಂಗಸರಿಗೆ ಹೊಲಿಗೆ ಯಂತ್ರ ಬಂತು. ತಕ್ಕೊಳ್ಳುತ್ತಿದ್ದದ್ದು ಬಸ್ಸಿನ ಚಾರ್ಜು, ಒಂದು ಊಟ. ಜನ ಅವರಿಗೆ ಅರ್ಜಿ ಗಾಂವ್ಕರ ಎಂದು ಹೆಸರಿಟ್ಟಿದ್ದರು. ಶಿರಸಿಯ ಅಂಗಡಿಗಳ ರದ್ದಿಯೆಲ್ಲ ಓದಿ ಮುಗಿಸಿದ ಮೇಲೆ ಹಳ್ಳಿಯ ಅಂಗಡಿಗಳಿಗೆ ಇಳಿದಿದ್ದರು.

"ಹಳೇ ಪೇಪರ ಓದಿ ಏನ ಉಪಯೋಗ್ರಿ? ತಾರೀಖ ಮುಗದಿರತೈತಲ್ಲ" ಎಂದು ನಮ್ಮ ಮನೆಯವರು ಕೇಳಿದ್ದರು.

"ತಾರೀಖು ಮುಗೀತದೆ ಶೆಟ್ರೆ, ಕೊಡೋರ ಚಟ ಮುಗಿಯೂದಿಲ್ಲ. ಹೋದ ವರ್ಷ ಕೊಟ್ಟವ್ರು ಈ ವರ್ಷನೂ ಕೊಡ್ತ್ರು. ನಮಗೆ ಬೇಕಾದ್ದು ಅವ್ರ ವಿಳಾಸ."

ಹೆಣ್ಣು-ಗಂಡು ಕೂಡಿಸುವವರ ಕೆಲಸವೇ ತಮ್ಮದು ಎನ್ನುತ್ತಿದ್ದರು. "ದುಡ್ಡು ಎಲ್ಲೋ ಕೂತು ಊರು ಹುಡುಕ್ತಾ ಇರ್ತದೆ. ಊರು ಇಲ್ಲಿ ಕೂತು ದುಡ್ಡು ಹುಡುಕ್ತಾ ಇರ್ತದೆ. ಜಾತಕ ಹಿಡ್ಕಂಡು ನಡುವೆ ಓಡಾಡೂಕೆ ಒಬ್ಬ ಬೇಕಲ್ರಾ." ಅರ್ಜಿಯಲ್ಲಿ 'ನಾವು ಬಡವರು, ದಿಕ್ಕಿಲ್ಲದವರು' ಎಂದು ಬರೆಸಲು ಹೋದವರನ್ನು ಅಲ್ಲೇ ತಡೆಯುತ್ತಿದ್ದರು. "ಅಳೂದು ಬೇಡ, ಅಳೆದು ಹೇಳಿ. ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ಮಂದಿ."

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಮುಂಬಯಿಯವರು ಅವರ ಹಳೆಯ ಅರ್ಜಿಗಳನ್ನು ಬೆಂಗಳೂರಿಗೆ ಕಳಿಸಿದ್ದೇವೆ ಎನ್ನುತ್ತಿದ್ದರು. ಬೆಂಗಳೂರಿನವರು ಇನ್ನೂ ಬಂದಿಲ್ಲ ಎನ್ನುತ್ತಿದ್ದರು. "ನನ್ನ ಅರ್ಜಿ ನಡಕಂಡು ಹೊರಟಿದ್ದು ಕಾಣ್ತದೆ" ಎಂದು ಹೇಳಿ ಅವನ್ನೆಲ್ಲ ಹೊಸದಾಗಿ ಟೈಪು ಮಾಡಿದರು. ಬೇಸರಿಸಿಕೊಂಡದ್ದನ್ನು ನಾನು ನೋಡಲಿಲ್ಲ.

ಒಂದು ಮಧ್ಯಾಹ್ನ ನಮ್ಮ ರದ್ದಿಯಲ್ಲೇ ಅವರಿಗೆ ಅದು ಸಿಕ್ಕಿತು. ಪರದೇಶದ ಒಂದು ಸಂಸ್ಥೆ ಹಳ್ಳಿಗಳಲ್ಲಿ ಹೆರಿಗೆ ಖೋಲಿ ಕಟ್ಟಲು, ನರ್ಸಬಾಯಿಯನ್ನು ಇಡಲು ನೆರವು ಕೊಡುತ್ತದೆ. ಜಾಗ, ಕಲ್ಲು, ಆಳಿನ ಕೆಲಸ ಊರವರದು. ಅವರು ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಿದ್ದ ಹಾಗೆ ನನ್ನ ಕೈಯ ತಕ್ಕಡಿ ನಿಂತಿತು.

ಕಾರಣ ಹೇಳಬೇಕು. ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶಾಂತಾ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ನೋವು ಎರಡು ದಿನ ಹಿಡಿಯಿತು. ದಿನಕ್ಕೊಂದು ಬಸ್ಸು, ಅದು ಹೋಗಿಯಾಗಿತ್ತು. ಗಾಡಿಯಲ್ಲಿ ಹಾಸಿ ಮಲಗಿಸಿಕೊಂಡು ಶಿರಸಿಯ ದವಾಖಾನೆಗೆ ಹೊರಟೆವು. ಗಾಡಿ ಶಿರಸಿ ಮುಟ್ಟಲಿಲ್ಲ. ತಾಯಿಯೂ ಹೋದಳು, ಕೂಸೂ ಹೋಯಿತು. ಇದಕ್ಕಿಂತ ಹೆಚ್ಚು ಬರೆಯಲಾರೆ. ಆಗ ಕಸ್ತೂರಿಗೆ ಗಂಡು ನೋಡುತ್ತಿದ್ದೆವು. ಮದುವೆಯಾದರೆ ಅವಳ ಚೊಚ್ಚಲ ಹೆರಿಗೆಯೂ ನಮ್ಮ ಮನೆಯಲ್ಲೇ. ಅವಳನ್ನೂ ಅದೇ ಗಾಡಿ ಹತ್ತಿಸಬೇಕೇ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ.

ಗಾಂವ್ಕರರು ಅರ್ಜಿ ಬರೆಯುವ ಮೊದಲು ಗಾಡಿ ಕಟ್ಟಿಸಲು ಹೇಳಿದರು. ಶಿರಸಿಗೆ ಎಷ್ಟು ಹೊತ್ತು ಎಂದು ಕೇಳಿದರೆ ನಮ್ಮವರು ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಕೂತು ಹೋಗಿರಿ ಎಂದರೆ ಕೇಳಲಿಲ್ಲ. "ಬಸುರಿ ಕೂತು ಹೋಗ್ತಳಾ?" ಎಂದು ಹುಲ್ಲಿನ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ಗಡಿಯಾರ ಹಿಡಿದು ಹೋದರು. ಊರ ಹುಡುಗರು ಗಾಡಿಯ ಹಿಂದೆ ನಗುತ್ತ ಓಡಿದರು. ಮರುದಿನ ಬಸ್ಸಿನಿಂದ ಇಳಿಯುವಾಗ ಸೊಂಟ ಹಿಡಿದುಕೊಂಡಿದ್ದರು.

"ಎಷ್ಟ ಹೊತ್ತ ಆತ್ರಿ?" ಎಂದೆ.

"ಹೊತ್ತು ಬರ್ಕಂಡಿದ್ದೆ. ಅದು ಇರ್ಲಿ ನೀಲವ್ವಾ. ಹಾದಿಯಲ್ಲಿ ಹತ್ತು ಸಲ ಜೀವ ಹೋತು ನಂಗೆ. ಅದೂ ನನ್ನ ಹೊಟ್ಟೇಲಿ ಮಗು ಇರ್ಲಿಲ್ಲ."

ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡು ಎಣ್ಣೆ ಕಾಸಿ ತಂದುಕೊಟ್ಟೆ.

ಅರ್ಜಿ ಹೋಯಿತು. ಕೆಲವು ತಿಂಗಳಿಗೆ ಉತ್ತರ ಬಂತು: ಸಂಸ್ಥೆಯ ಹೆಂಗಸೊಬ್ಬಳು ಊರು ನೋಡಲು ಬರುತ್ತಾಳೆ. ಊರು ಎದ್ದು ನಿಂತಿತು. ಓಣಿಗಳನ್ನು ಸಾರಿಸಿದೆವು. ಇದ್ದವರ ಮನೆಯಿಂದ ಕುರ್ಚಿ, ಬೆಳ್ಳಿ ಲೋಟ ತಂದೆವು. ಸೀರೆ ಇಲ್ಲದವರಿಗೆ ಇದ್ದವರು ಸೀರೆ ಕೊಟ್ಟರು. ಜೀಪಿನಿಂದ ಇಳಿದ ಬಿಳಿಯ ಮಡಮ್ಮನಿಗೆ ಆರತಿ ಎತ್ತಿ, ಮಣೆಯ ಮೇಲೆ ಕೂರಿಸಿ ಉಡಿ ತುಂಬಿದೆವು. ಅವಳದು ಲಂಗ. ಉಡಿ ಹಿಡಿಯಲು ಸೆರಗೇ ಇಲ್ಲ. ನಾನು ನನ್ನ ಟವೆಲು ಹಾಸಿ ಅಕ್ಕಿ, ಕೊಬ್ಬರಿ, ಕುಬಸದ ಖಣ ಇಟ್ಟೆ. ಪಾಪ, ಅಲುಗಾಡದೆ ಹಿಡಿದುಕೊಂಡಿದ್ದಳು.

ಹಾಗೆ ಹಿಡಿದುಕೊಂಡೇ ಅವಳು ಏನೋ ಕೇಳಿದಳು. ಗಾಂವ್ಕರರು ನನ್ನ ಕಡೆ ತಿರುಗಿ, "ಈ ಊರಲ್ಲಿ ಹೆರಿಗೇಲಿ ತೀರಿಹೋದವ್ರು ಇದ್ದಾರಾ ಅಂತ ಕೇಳ್ತ್ರು" ಎಂದರು.

ನನ್ನ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಮೊದಲ ಸಲ ಮನೆಗೆ ಬಂದ ಹೆಣ್ಣುಮಗಳು, ಉಡಿಯಲ್ಲಿ ಅಕ್ಕಿ. ಅಂಥ ಹೊತ್ತಿನಲ್ಲಿ ಸಾವಿನ ಮಾತನ್ನು ಯಾರಾದರೂ ಆಡುತ್ತಾರೆಯೇ?

"ಯಾರೂ ಇಲ್ರಿ. ಎಲ್ಲಾರೂ ಆರಾಮ ಅದೀವಿ" ಎಂದೆ. ಹಿಂದೆ ನಿಂತ ಹೆಂಗಸರೆಲ್ಲ "ಹೌದ್ರಿ, ಆರಾಮ" ಎಂದರು.

ಗಾಂವ್ಕರರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮಡಮ್ಮನಿಗೆ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದರು. ಅವಳು ಪುಸ್ತಕದಲ್ಲಿ ಬರೆದುಕೊಂಡಳು.

ತಿಂಗಳೊಳಗೆ ಪತ್ರ ಬಂತು. ನಿಮ್ಮೂರು ಚೆನ್ನಾಗಿದೆ, ತಾಯಂದಿರು ಸುಖವಾಗಿದ್ದಾರೆ, ಹೆಚ್ಚು ಕಷ್ಟ ಇರುವ ಊರುಗಳಿಗೆ ಮೊದಲು ಕೊಡುತ್ತೇವೆ. ಗಾಂವ್ಕರರು ಅದನ್ನು ಅಂಗಡಿಯ ಕಟ್ಟೆಯ ಮೇಲೆ ಕೂತು ಓದಿ ಹೇಳಿದರು. ನಮ್ಮ ಮನೆಯವರಿಗೆ ಸಿಟ್ಟು ನೆತ್ತಿಗೇರಿತು.

"ನಮ್ಮ ಹೆಣ್ಣಮಕ್ಕಳಿಗೆ ತಿಳೀಲಿಲ್ಲ, ನಿಮಗರ ತಿಳೀತಿತ್ತಲ್ರಿ? ಶಾಂತಾನ ಸುದ್ದಿ ನಿಮಗ ಗೊತ್ತಿತ್ತು. ಇಂಗ್ಲಿಷದಾಗ ನೀವ ಏನ ಅಂದ್ರೂ ನಮಗೇನ ಗೊತ್ತಾಕ್ಕಿತ್ತು? ಒಂದ ಮಾತ ಸೇರಿಸಿದ್ರ ನಿಮ್ಮ ಗಂಟ ಏನ ಹೋಗತಿತ್ತು?"

ಗಾಂವ್ಕರರು ಪತ್ರವನ್ನು ಮಡಚಿ ಚೀಲಕ್ಕೆ ಹಾಕಿದರು. ಮನಸ್ಸಿಗೆ ಹತ್ತಿದಾಗ ಅವರಿಗೆ ಮನೆಮಾತು ಬರುತ್ತಿತ್ತು. "ಆನು ಎಂತ ಮಾಡ್ಲಿ ಶೆಟ್ರೆ" ಎಂದರು. ಆಮೇಲೆ ನನ್ನ ಕಡೆ ನೋಡಿ, "ಆ ಸಾವು ನಿಮ್ದು ನೀಲವ್ವಾ. ನೀವು ಮುಚ್ಚಿಟ್ಟಿದ್ದನ್ನ ನಾನು ಎತ್ತಿ ಕೊಟ್ಟು ಖೋಲಿ ತರೂದು ಹ್ಯಾಂಗೆ? ನೀವು ಹೇಳಿದ್ರೆ ಹೇಳ್ತೆ. ಇಲ್ದಿದ್ರೆ ಇಲ್ಲ" ಎಂದರು.

ನಾನು ಒಳಗೆ ಹೋದೆ. ಕಸ್ತೂರಿ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳನ್ನು ನೋಡಿದೆ. ಅಂಗಡಿಗೆ ಮರಳಿ ಬಂದು, "ಒಂದ ಕಾಗದ ಕೊಡ್ರಿ. ನಾನ ಬರೀತೀನಿ" ಎಂದೆ.

ಅವರು ಟೈಪಿನ ಕಾಗದವನ್ನೂ ಪೆನ್ನನ್ನೂ ಕೊಟ್ಟು ಬೆನ್ನು ತಿರುಗಿಸಿ ಕೂತರು. ನಾನು ಬರೆದದ್ದು ನೆನಪಿದೆ. 'ಮಡಮ್ಮನವರಿಗೆ ನೀಲವ್ವ ಮಾಡುವ ಶರಣು. ನೀವು ಬಂದಾಗ ನಾನು ಸುಳ್ಳು ಹೇಳಿದೆ. ನಿಮ್ಮ ಉಡಿಯಲ್ಲಿ ಅಕ್ಕಿ ಇತ್ತು, ಅದಕ್ಕೆ ಹೇಳಲಿಲ್ಲ. ನನ್ನ ಮಗಳು ಶಾಂತಾ ಶಿರಸಿ ದಾರಿಯಲ್ಲಿ ಗಾಡಿಯಲ್ಲಿ ತೀರಿಕೊಂಡಳು. ಕೂಸನ್ನೂ ಅವಳ ಬದಿಗೇ ಇಟ್ಟೆವು. ಇನ್ನೊಬ್ಬ ಮಗಳು ಇದ್ದಾಳೆ.' ಅಷ್ಟು ಬರೆಯಲು ಅರ್ಧ ದಿನ ಹಿಡಿಯಿತು.

ಸುದ್ದಿ ಓಣಿಗೆ ಹೇಗೆ ಹೋಯಿತೋ. ಹೊತ್ತು ಇಳಿಯುವುದರೊಳಗೆ ಒಬ್ಬೊಬ್ಬರೇ ಬಂದರು. ಒಬ್ಬಳು ತಂಗಿಯ ಹೆಸರು ಹೇಳಿದಳು, ಒಬ್ಬಳು ಸೊಸೆಯ ಹೆಸರು. ಮುದುಕಿಯೊಬ್ಬಳು ತನ್ನ ಅವ್ವನ ಹೆಸರು ಹೇಳಿದಳು. ಈ ಮುದುಕಿಯನ್ನೇ ಹೆತ್ತು ತೀರಿಕೊಂಡವಳು. "ನನ್ನ ಅವ್ವನ್ನೂ ಲೆಕ್ಕಕ್ಕ ಹಿಡೀತಾರೇನ ತಂಗಿ, ಹಳೇ ಮಾತಲ್ಲ?" ಎಂದು ಕೇಳಿದಳು. ಅವಳ ಹೆಸರನ್ನೂ ಬರೆದೆ. ಗಾಂವ್ಕರರು ಒಂದು ಅಕ್ಷರ ತಿದ್ದಲಿಲ್ಲ. ಅದರ ಇಂಗ್ಲಿಷನ್ನು ಬೇರೆ ಕಾಗದದಲ್ಲಿ ಟೈಪು ಮಾಡಿ, ನನ್ನ ಕಾಗದವನ್ನು ಮೇಲಿಟ್ಟು ಟಾಚಣಿ ಚುಚ್ಚಿದರು. "ಇದು ಅವ್ರಿಗೆ ಓದೂಕೆ ಬರೂದಿಲ್ಲ. ಆದ್ರೂ ಮೇಲೆ ಇದೇ ಇರ್ಲಿ" ಎಂದರು.

ಖೋಲಿ ಮಂಜೂರಾಯಿತು. ಊರವರೆಲ್ಲ ಕಲ್ಲು ಹೊತ್ತೆವು. ನಾನೂ ಹೊತ್ತೆ, ಅಂಗಡಿಯ ಶೆಟ್ಟರ ಹೆಂಡತಿ ಎಂದು ನೋಡಲಿಲ್ಲ.

ಅವರನ್ನು ಕಡೆಯ ಸಲ ಕಂಡದ್ದು ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ. ಬಹಳ ಸೊರಗಿದ್ದರು, ಕೆಮ್ಮು ಇತ್ತು. ಒಳಗೆ ಬರ್ರಿ ನೋಡ್ರಿ ಎಂದರೆ ಹೊಸ್ತಿಲಿನ ಹೊರಗೇ ನಿಂತರು. "ಬೇಡ, ಇದು ಹೆಂಗಸ್ರ ಜಾಗ." ಗೋಡೆಗೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತು, "ತೆರೆಯುವ ದಿನ ಬರ್ಲೇಬೇಕ್ರಿ" ಎಂಬ ನನ್ನ ಮಾತಿಗೆ ನಕ್ಕರು. "ಮದುವೆ ಕೂಡಿಸ್ದವಂಗೆ ಪ್ರಸ್ತದ ಮನೇಲಿ ಎಂತ ಕೆಲಸ? ಹೊಸಾ ರದ್ದಿ ಬಂತಾ?" ಬಂದಿತ್ತು. ಇಡೀ ಕಟ್ಟನ್ನೇ ಕೊಟ್ಟೆ. ಅದನ್ನು ಬಗಲಲ್ಲಿ ಹಿಡಿದು, ಬಸ್ಸಿನ ಕಿಟಕಿಯ ಬದಿಗೆ ಕೂತು, ಬಸ್ಸು ಹೊರಡುವ ಮೊದಲೇ ಹಿಂದಿನ ಪುಟ ತೆರೆದರು. ಕೈ ಎತ್ತಿದೆ. ಅವರು ತಲೆ ಎತ್ತಲಿಲ್ಲ. ಹೋದ ಮಳೆಗಾಲ ಚಂದಗುಳಿಯ ಅವರ ಮನೆಯಿಂದ ಸಾವಿನ ಸುದ್ದಿಯ, ಮೂಲೆ ಹರಿದ ಕಾರ್ಡು ಬಂತು.

ನಿನ್ನೆ ಸಂಜೆ ಕಸ್ತೂರಿಯ ಗಂಡ, ನಮ್ಮ ಅಳಿಯಂದಿರು, ಸಿದ್ದಾಪುರದಿಂದ ಬಸ್ಸಿಗೆ ಬಂದರು. ಕಸ್ತೂರಿಯನ್ನು ಮೂರು ದಿನ ಕಳಿಸುವುದಿಲ್ಲ ಎಂದು ನರ್ಸಬಾಯಿ ಹಟ ಹಿಡಿದಿದ್ದಳು. ಮಗಳೊಬ್ಬಳನ್ನೇ ಬಿಟ್ಟು ಮನೆಯಲ್ಲಿ ಹ್ಯಾಗೆ ಉಣ್ಣುವುದು? ಗೋಧಿ ಹುಗ್ಗಿ, ತುಪ್ಪ, ಅನ್ನ, ಸಾರು, ಬಾಣಂತಿಗೆ ಅಳವಿ ಪಾಯಸ, ಎಲ್ಲವನ್ನೂ ಹೊತ್ತುಕೊಂಡು ಖೋಲಿಗೇ ಹೋದೆವು. ಜಗುಲಿಯ ಮೇಲೆ ಸಾಲಾಗಿ ಕೂತೆವು. ಬಾಗಿಲು ತೆರೆದಿಟ್ಟಿದ್ದರಿಂದ ಕಸ್ತೂರಿಗೂ ನಾವು ಕಾಣುತ್ತಿದ್ದೆವು. ಬೇಡ ಬೇಡ ಎನ್ನುತ್ತಿದ್ದ ನರ್ಸಬಾಯಿಯನ್ನೂ ಕೂರಿಸಿದೆ.

ಅಳಿಯಂದಿರು, "ಕೂಸಿನ ತಲೀ ತುಂಬ ಕೂದಲ ಐತಲ್ರಿ" ಎಂದರು.

ನಮ್ಮ ಮನೆಯವರು ಹುಗ್ಗಿ ಕಲಸುತ್ತಿದ್ದ ಕೈ ನಿಲ್ಲಿಸಿದರು. "ಶಾಂತಾ ಹುಟ್ಟಿದಾಗೂ ಹಿಂಗ ಇತ್ತು" ಎಂದರು.

ಆ ಹೆಸರನ್ನು ಅವರ ಬಾಯಿಂದ ಒಂದು ಒಳ್ಳೆಯ ದಿನ, ಎಲ್ಲರೂ ಉಣ್ಣುತ್ತ ಕೂತಾಗ, ನಾನು ಕೇಳಿದ್ದು ಅದೇ ಮೊದಲು. ಎಲ್ಲರೂ ನನ್ನ ಕಡೆ ನೋಡಿದರು. ಒಳಗಿನಿಂದ ಕಸ್ತೂರಿ, "ಹೌದೇನಪ್ಪಾ? ನನಗ ಒಮ್ಮೆನೂ ಹೇಳಿಲ್ಲ ನೀವು" ಎಂದಳು.

"ಹೇಳತೀನವಾ. ನೀ ಮೊದಲ ಉಣ್ಣು."

ಅವರು ಹೇಳುತ್ತ ಹೋದರು, ಶಾಂತಾ ಸಣ್ಣವಳಿದ್ದಾಗ ಬೆಲ್ಲದ ಡಬ್ಬಿಯಲ್ಲಿ ಕೂತು ಸಿಕ್ಕಿಬಿದ್ದದ್ದು, ಶಾಲೆಗೆ ಹೋಗಲು ಅತ್ತದ್ದು. ಎಲ್ಲರೂ ನಗುತ್ತ ಉಂಡೆವು. ನಾನು ಎಲ್ಲರ ತಟ್ಟೆಗೂ ಇನ್ನೊಂದು ಸಲ ಹುಗ್ಗಿ ಹಾಕಿದೆ.