ಹಸನಾಕನ ಹೆಬ್ಬೆರಳು ಮತ್ತು ಬ್ರಿಕ್ ಗೇಮ್

ಕೊರೊನಾದ ಗಲಾಟೆ ಮುಗಿದು ಎರಡನೆಯ ವರ್ಷ. ಫಿಸಿಯೋಥೆರಪಿಸ್ಟ್ ಆಗಿ ಅದು ನನಗೆ ಇಪ್ಪತ್ತೇಳನೆಯ ವರ್ಷ. ಊರು ಮೂಡುಬಿದಿರೆಯಾದರೂ ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿ ಎರಡು ಕೋಣೆಯ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದೆ. ಮಂಗಳವಾರ ಮತ್ತು ಶುಕ್ರವಾರ ಬಿ.ಸಿ.ರೋಡಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ. ಮಧ್ಯಾಹ್ನ ಅದು ಮುಗಿದ ಮೇಲೆ ಸುತ್ತಮುತ್ತಲಿನ ಒಂದೆರಡು ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸಿ ಬರುತ್ತಿದ್ದೆ. ನಮ್ಮ ಕಡೆ ಫಿಸಿಯೋದವರನ್ನೂ ‘ಡಾಕ್ಟ್ರೇ’ ಎಂದೇ ಕರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಆ ಪ್ರಯತ್ನವನ್ನು ಬಿಟ್ಟಿದ್ದೇನೆ. ಕೋಪವನ್ನು ಮಾತ್ರ ಬಿಡಲಾಗಿಲ್ಲ. ವ್ಯಾಯಾಮ ಮಾಡದೆ ‘ಮಾಡಿದ್ದೇನೆ’ ಎನ್ನುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ.

ಆ ಜನವರಿಯಲ್ಲಿ ಬಿ.ಸಿ.ರೋಡಿನ ಪಕ್ಕದ ಮೆಲ್ಕಾರಿನಿಂದ ಒಂದು ಕೇಸು ಬಂತು. ಹಸನಬ್ಬ, ಐವತ್ತೆಂಟು ವರ್ಷ, ಟೈಲರ್. ಊರಿನಲ್ಲಿ ಎಲ್ಲರ ಬಾಯಲ್ಲೂ ಹಸನಾಕ. ಹದಿನಾಲ್ಕು ವರ್ಷ ಗಲ್ಫಿನಲ್ಲಿ ಹೊಲಿದು, ವಾಪಸ್ ಬಂದು ಜಂಕ್ಷನ್ ಹತ್ತಿರ ಅಂಗಡಿ ಹಾಕಿದವರು. ಹೊಲಿಯಲು ಇಬ್ಬರಿದ್ದರು, ಬಟ್ಟೆಗೆ ಕತ್ತರಿ ಹಾಕುವುದು ಮಾತ್ರ ಅವರೊಬ್ಬರೇ. ಟೈಲರಿಂಗಿನಲ್ಲಿ ಕಟಿಂಗ್ ಮಾಸ್ಟರ್ ಎಂದರೆ ಅಡುಗೆಯಲ್ಲಿ ಮುಖ್ಯ ಭಟ್ಟರಿದ್ದ ಹಾಗೆ. ಅಲ್ಲಿ ಕೆಟ್ಟದ್ದನ್ನು ಆಮೇಲೆ ಯಾರೂ ಸರಿ ಮಾಡಲಾರರು. ನವೆಂಬರ್ ಕೊನೆಯಲ್ಲಿ ಅವರಿಗೆ ಸ್ಟ್ರೋಕ್ ಆಗಿತ್ತು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತು ಉಳಿದಿತ್ತು. ನಾನು ನೋಡುವ ಹೊತ್ತಿಗೆ ಕಾಲು ಬಹುಮಟ್ಟಿಗೆ ಸರಿಯಾಗಿ, ಕೋಲು ಹಿಡಿದು ಮಸೀದಿಗೆ ಹೋಗಿ ಬರುತ್ತಿದ್ದರು. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ, ಅದರಲ್ಲೂ ಹೆಬ್ಬೆರಳು.

ಹೆಬ್ಬೆರಳಿನ ಹಿಡಿತವನ್ನು ಅಳೆಯಲು ನಮ್ಮಲ್ಲಿ ಪಿಂಚ್ ಗೇಜ್ ಎಂಬ ಸಣ್ಣ ಸಾಧನ ಉಂಟು. ಒತ್ತಿದರೆ ಎಷ್ಟು ಕಿಲೋ ಬಲ ಬಿತ್ತೆಂದು ಮುಳ್ಳು ತೋರಿಸುತ್ತದೆ. ಹಸನಾಕ ಒತ್ತಿದಾಗ ಮುಳ್ಳು ಒಂದೂಕಾಲು ಕಿಲೋದಲ್ಲಿ ನಿಂತಿತು. ಟೈಲರ್ ಕತ್ತರಿ ಆಡಿಸಲು ನಾಲ್ಕಾದರೂ ಬೇಕೆಂದು ನನ್ನ ಅಂದಾಜು. ಬಲವೊಂದೇ ಸಾಲದು, ತೆರೆದು ಮುಚ್ಚಿ ತೆರೆದು ಮುಚ್ಚಿ ಹೆಬ್ಬೆರಳು ಲಯ ಹಿಡಿಯಬೇಕು. ಜೂನ್ ಬಂದರೆ ಶಾಲೆ ಶುರು, ಅದಕ್ಕೆ ಮೊದಲು ಯೂನಿಫಾರ್ಮಿನ ಸೀಸನ್. ಅಂಗಡಿಗೆ ಬೇರೆ ಕಟಿಂಗ್ ಮಾಸ್ಟರನ್ನು ಕರೆಸುವ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು. ಹಸನಾಕ ನನ್ನ ಹತ್ತಿರ ಒಂದೇ ಮಾತು ಹೇಳಿದರು.

“ನನ್ನ ಟೇಬಲಿನಲ್ಲಿ ಬೇರೆಯವರು ಕತ್ತರಿ ಹಿಡಿದ್ರೆ ನಾನು ಆ ಅಂಗಡಿಗೆ ಕಾಲು ಹಾಕುವುದಿಲ್ಲ ಡಾಕ್ಟ್ರೇ. ಮೇ ತಿಂಗಳಿಗೆ ನನಗೆ ಈ ಕೈ ಬೇಕು.”

ಬರುತ್ತದೆ ಎಂದು ನಾನೂ ಹಟಕ್ಕೆ ಬಿದ್ದು ಹೇಳಿಬಿಟ್ಟೆ. ಹಾಗೆ ಹೇಳಬಾರದು, ನಮಗೆ ಕಲಿಸಿದ್ದೇ ಅದು. ಆದರೆ ಆ ಮುಖ ನೋಡಿ ಬೇರೆ ಮಾತು ಬರಲಿಲ್ಲ.

ಸ್ಟ್ರೋಕಿನ ನಂತರ ಕೈ ಮರಳಿ ಬರುವುದು ಪುನರಾವರ್ತನೆಯಿಂದ. ಮೆದುಳಿನ ಉಳಿದ ಭಾಗ ಸತ್ತ ಭಾಗದ ಕೆಲಸವನ್ನು ಕಲಿಯಬೇಕು, ಕಲಿಯಬೇಕಾದರೆ ಒಂದೇ ಚಲನೆಯನ್ನು ಸಾವಿರ ಸಲ ಮಾಡಬೇಕು. ಕೇಳಲು ಸುಲಭ. ಥೆರಪಿ ಪುಟ್ಟಿ ಎಂಬ ಮೇಣದಂಥ ಮುದ್ದೆಯನ್ನು ಹಿಸುಕಲು ಕೊಟ್ಟೆ. “ಇದೆಂತ, ಬಾಲವಾಡಿಯ ಮಣ್ಣಾ?” ಎಂದು ಬದಿಗಿಟ್ಟರು. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ತಂತಿಗೆ ಸಿಕ್ಕಿಸಲು ಹೇಳಿದೆ. ಇಪ್ಪತ್ತಾಗುವಷ್ಟರಲ್ಲಿ ಬೇಸರ ಬಂತು. ಎರಡು ವಾರ ನಾನು ಬೈದೆ, ಅವರು ನಕ್ಕರು, ಕೆಲಸ ಏನೂ ಆಗಲಿಲ್ಲ.

ವಿಡಿಯೋ ಗೇಮ್ ಆಡಿಸಿದರೆ ರೋಗಿಗಳು ಬೇಸರವಿಲ್ಲದೆ ಬೆರಳಾಡಿಸುತ್ತಾರೆ ಎಂದು ಒಂದು ತರಬೇತಿಯಲ್ಲಿ ಕೇಳಿದ್ದೆ. ಮನೆಯಲ್ಲಿ ಬಟನ್ ಇರುವ ಆಟದ ಸಾಮಾನು ಏನಾದರೂ ಉಂಟೇ ಎಂದು ಅವರ ಮಗಳು ಜುಲೇಖಾಳನ್ನು ವಿಚಾರಿಸಿದೆ. ಅವಳು ಇಪ್ಪತ್ತಾರರ ಹುಡುಗಿ, ಹತ್ತಿರದ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದಳು. ಶಾರ್ಜಾದಲ್ಲಿರುವ ಅವಳ ಚಿಕ್ಕಪ್ಪನ ಮಗ ಕಳಿಸಿದ್ದ ಹೊಸ ಗೇಮ್ ಸೆಟ್ ಟಿವಿಯ ಕೆಳಗೆ ಇತ್ತು. ಅದರಲ್ಲಿದ್ದ ಆಟಗಳಲ್ಲಿ ಒಂದನ್ನು ಆರಿಸಿದವಳು ನಾನೇ. ಪಾಳುಬಿದ್ದ ಒಂದು ಪಟ್ಟಣದಲ್ಲಿ ಕಳೆದುಹೋದ ತಮ್ಮನನ್ನು ಅಣ್ಣ ಹುಡುಕಿಕೊಂಡು ಹೋಗುವ ಕಥೆ. ಚಿತ್ರ ಎಂದರೆ ಚಿತ್ರ! ಮಳೆ ಬಿದ್ದರೆ ಟಿವಿಯಿಂದ ನೀರು ಸಿಡಿಯುತ್ತದೋ ಎನ್ನಿಸುವಷ್ಟು ಚೆಂದ. ಕಥೆಯ ಆಸೆಗೆ ಇವರು ಗಂಟೆಗಟ್ಟಲೆ ಆಡುತ್ತಾರೆ, ಹೆಬ್ಬೆರಳು ತನ್ನಷ್ಟಕ್ಕೆ ದುಡಿಯುತ್ತದೆ ಎಂಬ ಲೆಕ್ಕ ನನ್ನದು.

ಮೂರು ವಾರ ಚಾರ್ಟಿನಲ್ಲಿ ನಾನೇ ಬರೆದೆ: ಗೇಮ್, ದಿನಕ್ಕೆ ನಲವತ್ತೈದು ನಿಮಿಷ. ಜುಲೇಖಾ ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಹಸನಾಕ ಖುಷಿಯಾಗಿದ್ದರು, ಅವರ ಹೆಂಡತಿ ಮೈಮುನಾ ಖುಷಿಯಾಗಿದ್ದರು, ನಾನಂತೂ ಲಾಯಿಲದ ಕ್ಲಿನಿಕ್ಕಿನಲ್ಲಿ ಬಂದವರಿಗೆಲ್ಲ ಈ ಹೊಸ ವಿದ್ಯೆಯನ್ನು ಕೊಚ್ಚಿಕೊಳ್ಳುತ್ತಿದ್ದೆ. ಫೆಬ್ರವರಿ ಕೊನೆಯಲ್ಲಿ ಪಿಂಚ್ ಗೇಜ್ ಹಿಡಿಸಿದೆ. ಮುಳ್ಳು ಒಂದೂಕಾಲರಿಂದ ಒಂದೂವರೆಗೆ ಹೋಗಿತ್ತು, ಅಷ್ಟೇ. ಗೇಜ್ ಕೆಟ್ಟಿದೆಯೆಂದುಕೊಂಡು ನನ್ನ ಕೈಯಲ್ಲೇ ಒತ್ತಿ ನೋಡಿದೆ. ಕೆಟ್ಟಿರಲಿಲ್ಲ.

ಮುಂದಿನ ಶುಕ್ರವಾರ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಟಿವಿ ಆನ್ ಇತ್ತು. ಹಸನಾಕ ಕುರ್ಚಿಯಲ್ಲಿ, ಮೈಮುನಾ ನೆಲದಲ್ಲಿ, ಜುಲೇಖಾ ಸೋಫಾದ ತುದಿಯಲ್ಲಿ. ಮೂವರ ಕಣ್ಣೂ ಪರದೆಯಲ್ಲಿ. ಗೇಮಿನ ರಿಮೋಟ್ ಜುಲೇಖಾಳ ಕೈಯಲ್ಲಿತ್ತು. ಹಸನಾಕನ ಎಡಗೈಯಲ್ಲಿ ಬಾಳೆಕಾಯಿ ಚಿಪ್ಸಿನ ತಟ್ಟೆ, ಬಲಗೈ ತೊಡೆಯ ಮೇಲೆ ಮಲಗಿತ್ತು.

ಕೂಗಾಡಬೇಕೆಂದು ಬಾಯಿ ತೆರೆದವಳು ಸೋಫಾದ ಇನ್ನೊಂದು ತುದಿಯಲ್ಲಿ ಕುಳಿತು ನೋಡತೊಡಗಿದೆ. ಪರದೆಯಲ್ಲಿ ಅಣ್ಣ ಯಾರದೋ ಜೊತೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಮಾತಾಡುತ್ತಿದ್ದ. ಜುಲೇಖಾ ಅರ್ಥ ಹೇಳುತ್ತಿದ್ದಳು. ಮಾತು ಮುಗಿದಾಗ ರಿಮೋಟ್ ಅಪ್ಪನ ಕೈಗೆ ಬರುತ್ತಿತ್ತು. ಅವರು ಎರಡು ಹೆಜ್ಜೆ ನಡೆಸುವರು, ಎದುರಾಳಿ ಬಂದು ಹೊಡೆಯುವನು, ಅಣ್ಣ ಸಾಯುವನು. ಮತ್ತೆ ಮೊದಲಿನ ಜಾಗಕ್ಕೆ ಬರಲು ಒಂದು ನಿಮಿಷ. ಮತ್ತೆ ಸಾವು. ಆಗ ಜುಲೇಖಾ “ಕೊಡಿ ಉಪ್ಪ” ಎಂದು ಅಪ್ಪನಿಂದ ರಿಮೋಟ್ ತೆಗೆದುಕೊಂಡು ಆ ಜಾಗ ದಾಟಿಸುವಳು. ಕಥೆ ಮುಂದೆ ಹೋಗುವುದು, ಮೂವರೂ ಉಸಿರು ಬಿಡುವರು. ಅರ್ಧ ಗಂಟೆ ಎಣಿಸಿದೆ. ಹಸನಾಕನ ಬಲ ಹೆಬ್ಬೆರಳು ಬಟನ್ ಒತ್ತಿದ್ದು ಹನ್ನೊಂದು ಸಲ. ಇದರಲ್ಲಿ ದೊಡ್ಡ ನಾಚಿಕೆಯ ಸಂಗತಿ ಯಾವುದೆಂದರೆ, ನನಗೂ ಆ ತಮ್ಮ ಸಿಗುತ್ತಾನೋ ಇಲ್ಲವೋ ನೋಡಬೇಕೆನಿಸಿತ್ತು.

ಜುಲೇಖಾಳನ್ನು ಜಗಲಿಗೆ ಕರೆದು ಕೇಳಿದೆ. ಅವಳಿಗೆ ತಪ್ಪೇನೆಂದೇ ಹೊಳೆಯಲಿಲ್ಲ. ಅಪ್ಪನಿಗೆ ಆಗದ ಕಡೆ ಮಾತ್ರ ತಾನು ಆಡಿಕೊಡುವುದು, ಇಲ್ಲದಿದ್ದರೆ ಕಥೆ ಅಲ್ಲೇ ನಿಲ್ಲುತ್ತದಲ್ಲ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಮನೆಯ ಹಿರಿಯರಿಗೆ ಕಷ್ಟವಾದರೆ ಅವರ ಕೈಯಿಂದ ಕೆಲಸ ತೆಗೆದುಕೊಂಡು ಮಾಡಿಕೊಡುವುದೇ ಮರ್ಯಾದೆ. ಊಟಕ್ಕೆ ಕುಳಿತರೆ ಮೀನಿನ ಮುಳ್ಳು ತೆಗೆದುಕೊಡುವ ಮಗಳು ಆಟದಲ್ಲಿ ಎದುರಾಳಿಯನ್ನು ತೆಗೆದುಕೊಟ್ಟಿದ್ದಳು. ತಪ್ಪು ನನ್ನದು. ಕಥೆಗೆ ಮುಂದೆ ಹೋಗುವುದು ಮುಖ್ಯ, ಯಾರ ಬೆರಳು ಒತ್ತಿದರೂ ಅದಕ್ಕೆ ಒಂದೇ. ನಾನು ಟಿವಿಯ ಮುಂದೆ ಕುಳಿತ ನಿಮಿಷಗಳನ್ನು ಎಣಿಸಿ ಕೈಯ ಕೆಲಸವೆಂದು ಬರೆದಿದ್ದೆ. ಇಪ್ಪತ್ತೇಳು ವರ್ಷದ ಅನುಭವಕ್ಕೆ ಬೆಂಕಿ ಬಿತ್ತು ಎನ್ನಿಸಿತು.

ಆ ಸಂಜೆ ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿನ ಫ್ಯಾನ್ಸಿ ಅಂಗಡಿಯಲ್ಲಿ ಬಾಚಣಿಗೆ, ಹೇರ್ ಬ್ಯಾಂಡುಗಳ ನಡುವೆ ಬ್ರಿಕ್ ಗೇಮ್ ನೇತಾಡುತ್ತಿತ್ತು. ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆ, ಬೂದು ಬಣ್ಣದ ಪುಟ್ಟ ಪರದೆ, ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುವಂಥದ್ದು. ಒಂದು ಕಾಲದಲ್ಲಿ ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲೆಲ್ಲ ಇರುತ್ತಿತ್ತು. ಮೇಲಿನಿಂದ ಇಟ್ಟಿಗೆಯ ತುಂಡುಗಳು ಒಂದೊಂದೇ ಇಳಿಯುತ್ತವೆ. ಎಡ ಹೆಬ್ಬೆರಳಿನಿಂದ ಆಚೀಚೆ ಸರಿಸಬೇಕು, ಬಲ ಹೆಬ್ಬೆರಳಿನಿಂದ ದೊಡ್ಡ ಬಟನ್ ಒತ್ತಿ ತಿರುಗಿಸಬೇಕು, ಸಂದಿಲ್ಲದೆ ಸಾಲು ತುಂಬಿಸಬೇಕು. ತುಂಬಿದ ಸಾಲು ಮಾಯ, ಸಂದು ಬಿಟ್ಟರೆ ಗೋಡೆ ಏರಿ ಏರಿ ಆಟ ಮುಗಿಯುತ್ತದೆ. ಬಲ ಹೆಬ್ಬೆರಳು ಎಂದು ನೆನಪಾದದ್ದೇ ತಡ, ಬಸ್ಸು ಬಂದರೂ ಬಿಟ್ಟು ರಸ್ತೆ ದಾಟಿದೆ.

ಮಂಗಳವಾರ ಅದನ್ನು ಹಸನಾಕನ ಕೈಯಲ್ಲಿಟ್ಟೆ. ಮೊದಲು ಮುಖ ಸಿಂಡರಿಸಿದರು. ಟಿವಿ ತುಂಬ ಪಟ್ಟಣ ನೋಡಿದ ಕಣ್ಣಿಗೆ ಇದೆಂತ ಇರುವೆ ಸಾಲು ಎಂದರು. ಆಟ ಹೇಗೆಂದು ಹೇಳಿಕೊಡಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಮೊದಲ ಆಟ ಒಂದು ನಿಮಿಷದೊಳಗೆ ಮುಗಿಯಿತು. ಜುಲೇಖಾಳ ಕೈ ಅಭ್ಯಾಸದಂತೆ ಮುಂದೆ ಬಂತು. “ಕೊಡಿ ಉಪ್ಪ.”

ಹಸನಾಕ ಭುಜ ಅಡ್ಡ ತಿರುಗಿಸಿದರು.

“ನೀನು ಆಡಿದ್ರೆ ನನಗೆಂತ ಬಂತು ಮಾರಾಯ್ತಿ? ಇದ್ರಲ್ಲಿ ಮುಂದೆ ನೋಡ್ಲಿಕ್ಕೆ ಎಂತ ಉಂಟು? ಆ ಸಂದು ಬಿಟ್ಟದ್ದು ನಾನು, ತುಂಬಿಸುವವನೂ ನಾನೇ.”

ಆ ‘ಸಂದು’ ಎಂಬ ಮಾತಿನ ಮರ್ಮ ನನಗೆ ತಿಳಿದದ್ದು ಆಮೇಲೆ. ಕಟಿಂಗ್ ಮಾಸ್ಟರ್ ಎಂದರೆ ಇದೇ ಕೆಲಸ. ಹಾಸಿದ ಬಟ್ಟೆಯಲ್ಲಿ ತೋಳು, ಬೆನ್ನು, ಕಾಲರ್, ಜೇಬು ಎಲ್ಲವನ್ನೂ ಮನಸ್ಸಿನಲ್ಲೇ ತಿರುಗಿಸಿ, ಒಂದರ ಪಕ್ಕ ಒಂದು ಕೂರಿಸಿ, ನಡುವೆ ಬಟ್ಟೆ ಹಾಳಾಗದಂತೆ ನೋಡುವುದು. ಮೂವತ್ತು ವರ್ಷ ಅದನ್ನೇ ಮಾಡಿದ ಮನುಷ್ಯನಿಗೆ ಪರದೆಯಲ್ಲಿ ಒಂದು ಖಾಲಿ ಚೌಕ ಉಳಿದರೆ ತಡೆಯಲಾಗುತ್ತಿರಲಿಲ್ಲ. ತಲೆಗೆ ಎಲ್ಲ ಗೊತ್ತಿತ್ತು, ಯಾವ ತುಂಡನ್ನು ಹೇಗೆ ತಿರುಗಿಸಬೇಕೆಂದು ಮೊದಲೇ ಹೇಳುತ್ತಿದ್ದರು. ಹೆಬ್ಬೆರಳು ತಡ ಮಾಡುತ್ತಿತ್ತು. ಆ ತಡದ ಮೇಲೆ ಅವರಿಗೆ ಬಂದ ಸಿಟ್ಟು ನೋಡಬೇಕಿತ್ತು! ತಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಹೆಬ್ಬೆರಳಿಗೇ ಬೈಯುತ್ತಿದ್ದರು. ನನಗೆ ಪೂರ್ತಿ ಅರ್ಥವಾಗದಿದ್ದರೂ ಒಳ್ಳೆಯ ಮಾತಲ್ಲವೆಂದು ಗೊತ್ತಾಗುತ್ತಿತ್ತು.

ಆ ದಿನ ಹತ್ತು ನಿಮಿಷ ಎಣಿಸಿದೆ. ಬಲ ಹೆಬ್ಬೆರಳು ನೂರ ಮೂವತ್ತೆರಡು ಸಲ ಒತ್ತಿತ್ತು. ಸೋತರೆ ಮತ್ತೆ ಶುರುವಾಗಲು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಯಾರೂ ಸಾಯುವುದಿಲ್ಲ, ಯಾರೂ ಇಂಗ್ಲಿಷಿನಲ್ಲಿ ದುಃಖಪಡುವುದಿಲ್ಲ, ಯಾವ ತಮ್ಮನೂ ಇವರಿಗಾಗಿ ಕಾಯುತ್ತ ಕುಳಿತಿರುವುದಿಲ್ಲ. ಆಟಗಾರ ಚುರುಕಾದಷ್ಟೂ ಇಟ್ಟಿಗೆ ಬೇಗ ಇಳಿಯುತ್ತದೆ. ರೋಗಿ ಸುಧಾರಿಸಿದಂತೆ ವ್ಯಾಯಾಮವನ್ನು ಕಷ್ಟ ಮಾಡುತ್ತ ಹೋಗಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ನಾನು ವಾರಕ್ಕೊಮ್ಮೆ ಮಾಡುವುದನ್ನು ಆ ಅಗ್ಗದ ಡಬ್ಬಿ ನಿಮಿಷಕ್ಕೊಮ್ಮೆ ಮಾಡುತ್ತಿತ್ತು.

ಬ್ರಿಕ್ ಗೇಮ್ ಪವಾಡ ಮಾಡಿತೆಂದರೆ ಸುಳ್ಳಾಗುತ್ತದೆ. ಬಟನ್ ಒತ್ತಿದ ಮಾತ್ರಕ್ಕೆ ಕತ್ತರಿಯ ಬಲ ಬರುವುದಿಲ್ಲ. ಆದರೆ ಹೆಬ್ಬೆರಳು ಸೋತದ್ದರಿಂದ ತಾವು ಸೋತೆವೆಂದು ಖಚಿತವಾದ ಮೇಲೆ ಹಸನಾಕ ತಾವಾಗಿಯೇ ಪುಟ್ಟಿ ಕೇಳಿದರು. ಬೆಳಿಗ್ಗೆ ಪುಟ್ಟಿ, ಮಧ್ಯಾಹ್ನ ಕ್ಲಿಪ್ಪು, ನಡುನಡುವೆ ಆಟ. ಚಾರ್ಟಿನಲ್ಲಿ ನಿಮಿಷದ ಕಾಲಂ ಹೊಡೆದುಹಾಕಿ ಅವರ ಸ್ಕೋರ್ ಬರೆಯತೊಡಗಿದೆ. ಮಾರ್ಚ್ ಕೊನೆಗೆ ಗೇಜ್ ಎರಡೂಮುಕ್ಕಾಲು ತೋರಿಸಿತು, ಏಪ್ರಿಲ್ ಕೊನೆಗೆ ಮೂರೂಮುಕ್ಕಾಲು. ನಾನು ಹೇಳಿದ ನಾಲ್ಕಕ್ಕೆ ಇನ್ನೂ ಕಾಲು ಕಿಲೋ ಬಾಕಿ ಇತ್ತು. ಒಂದು ವಾರ ಕಾಯುವ ಎಂದೆ. ಮೇ ಬಂದಾಯಿತು, ಇನ್ನು ಕಾಯುವುದಿಲ್ಲ ಎಂದರು.

ಅಂಗಡಿಗೆ ನಾನೂ ಹೋದೆ. ಮೈಮುನಾ ಪ್ರಯೋಗಕ್ಕೆಂದು ಹಳೆಯ ಬೆಡ್‌ಶೀಟ್ ತಂದಿದ್ದರು. ಹಸನಾಕ ಅದನ್ನು ಮುಟ್ಟಲಿಲ್ಲ. ಶಾಲೆಯ ಯೂನಿಫಾರ್ಮಿನ ನೀಲಿ ಚೆಕ್ಸ್ ಬಟ್ಟೆ ಹಾಸಿ ಚಾಕಿನಲ್ಲಿ ಗೆರೆ ಎಳೆದರು. ಕತ್ತರಿಗೆ ಹೆಬ್ಬೆರಳು ತೂರಿಸಲು ಎಡಗೈಯ ಸಹಾಯ ಬೇಕಾಯಿತು. ಬೆನ್ನಿನ ನೇರ ಗೆರೆ ದಾಟಿತು. ಕಂಕುಳಿನ ತಿರುವಿನಲ್ಲಿ ಕತ್ತರಿ ನಿಂತಿತು. ಹೊಲಿಯುವವರಿಬ್ಬರೂ ಮೆಷಿನ್ ನಿಲ್ಲಿಸಿ ನೋಡುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಜುಲೇಖಾಳ ಬಲಗೈ ಮೇಲೆದ್ದಿತು. ನಾನು ಹಿಡಿಯುವ ಮೊದಲೇ ಅವಳು ತನ್ನ ಎಡಗೈಯಿಂದ ಅದನ್ನು ಹಿಡಿದುಕೊಂಡಳು. ಎಷ್ಟು ಹೊತ್ತೋ ಗೊತ್ತಿಲ್ಲ. ಕತ್ತರಿ ಮತ್ತೆ ಕಚ್ಚಿತು, ತಿರುವು ದಾಟಿತು.

ಹಸನಾಕ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ತಿರುವಿನಲ್ಲಿ ಕಾಲು ಇಂಚು ಒಳಗೆ ಹೋಗಿತ್ತು. ಈ ಮನುಷ್ಯ ಈಗ ಕತ್ತರಿ ಎಸೆದರೆ ನಾಲ್ಕು ತಿಂಗಳ ಕೆಲಸ ಹೋಯಿತು ಎಂದುಕೊಂಡೆ. ಅವರು ಆ ತುಂಡನ್ನು ಬದಿಗಿಟ್ಟು, ಮುಖ ಎತ್ತದೆ, ಮಗಳ ಕಡೆ ಕೈ ಚಾಚಿದರು.

“ಇದು ಹಾಳಾಯ್ತು. ಇನ್ನೊಂದು ಹಾಸು.”

ಜುಲೇಖಾ ಹಾಸಿ ಕೊಟ್ಟು ಹೊರಗೆ ಬಂದಳು, ಅಂಗಡಿಯ ಮೆಟ್ಟಿಲಿನಲ್ಲಿ ಕುಳಿತು ಅತ್ತಳು. “ಉಪ್ಪ ಸೋಲುವುದು ನನಗೆ ನೋಡ್ಲಿಕ್ಕೆ ಆಗ್ತಿರ್ಲಿಲ್ಲ ಡಾಕ್ಟ್ರೇ. ಅದಕ್ಕೇ ನಾನು ಆಡಿದ್ದು,” ಎಂದಳು. ಇಪ್ಪತ್ತೇಳು ವರ್ಷ ಎಷ್ಟು ಜನರ ಕೈಯನ್ನು ನಾನೂ ಹೀಗೆ ಅವಸರದಲ್ಲಿ ಹಿಡಿದೆತ್ತಿದ್ದೇನೋ! ಹಿಡಿದೆತ್ತುವುದನ್ನು ಕಾಲೇಜು ಕಲಿಸಿತ್ತು. ಬೀಳುತ್ತಿರುವ ಕೈಯ ಪಕ್ಕದಲ್ಲಿ ನನ್ನ ಕೈಯನ್ನು ಕಟ್ಟಿಕೊಂಡು ನಿಲ್ಲುವುದನ್ನು ಈ ಕೇಸು ಕಲಿಸಿತು. ಇದು ಹೆಚ್ಚು ಕಷ್ಟದ ಕೆಲಸ, ಇಂದಿಗೂ ನನಗೆ ಪೂರ್ತಿ ಬಂದಿಲ್ಲ. ಒಳಗೆ ಕತ್ತರಿಯ ಸದ್ದು ಮತ್ತೆ ಶುರುವಾಯಿತು. ತಿರುವು ಬಂದಿರಬೇಕು, ಸದ್ದು ನಿಂತಿತು. ನಾವಿಬ್ಬರೂ ಮೆಟ್ಟಿಲು ಬಿಟ್ಟು ಏಳಲಿಲ್ಲ.